ಫೋನಿನ ಪರದೆಯ ಸಣ್ಣ ತಿದ್ದುಪಡಿಗಳು: ನನ್ನ ಅನುಭವ

ಆಂಡ್ರಾಯ್ಡ್‌ನ ಮುಕ್ತ ಆಕರವನ್ನು (ಯಾರು ಬೇಕಾದರೂ ನೋಡಿ ಬದಲಿಸಬಹುದಾದ ಮೂಲ ಕೋಡನ್ನು) ಆಧರಿಸಿ ಸ್ವಯಂಸೇವಕರು ಕಟ್ಟುತ್ತಿರುವ ಕಾರ್ಯಾಚರಣಾ ವ್ಯವಸ್ಥೆಯೊಂದರಲ್ಲಿ ನಾನು ಬಿಡುವಿನ ವೇಳೆಯಲ್ಲಿ ಕೆಲಸ ಮಾಡುತ್ತೇನೆ. ನನ್ನ ಪಾಲಿಗೆ ಬಂದಿರುವುದು ಸಿಸ್ಟಮ್ ಯುಐ ಎಂಬ ಭಾಗ. ಸ್ಟೇಟಸ್ ಬಾರ್, ನೋಟಿಫಿಕೇಶನ್ ಪಟ್ಟಿ, ಕ್ವಿಕ್ ಸೆಟ್ಟಿಂಗ್ಸ್ (ಮೇಲಿನಿಂದ ಎಳೆದಾಗ ಬರುವ ಸ್ವಿಚ್‌ಗಳ ಫಲಕ), ಲಾಕ್ ಸ್ಕ್ರೀನ್, ವಾಲ್ಯೂಮ್ ಫಲಕ ಎಲ್ಲವೂ ಇದರೊಳಗೇ ಇರುವುದರಿಂದ, ಬಳಕೆದಾರರು ಕೇಳುವ ಸಣ್ಣಪುಟ್ಟ ಬದಲಾವಣೆಗಳಲ್ಲಿ ಬಹುಪಾಲು ನನ್ನ ಮುಂದೆಯೇ ಬಂದು ನಿಲ್ಲುತ್ತವೆ. ಈ ಕೋರಿಕೆಗಳು ಸಾಮಾನ್ಯವಾಗಿ ಬರುವುದು ಒಂದೇ ರೂಪದಲ್ಲಿ: ‘ಇದಕ್ಕೊಂದು ಆಯ್ಕೆ ಕೊಡಿ’. ಕೇಳಿದ್ದನ್ನು ಕೇಳಿದಂತೆಯೇ ಮಾಡಿಕೊಡುವುದು ಸುಲಭ. ಆದರೆ ಆ ಕೋರಿಕೆ ಹುಟ್ಟುವುದಕ್ಕೆ ಒಂದು ಕ್ಷಣ ಮೊದಲು ಅವರ ಹೆಬ್ಬೆರಳು ಎಲ್ಲಿತ್ತು, ಏನು ಮಾಡಲು ಹೊರಟಿತ್ತು ಎಂಬುದು ತಿಳಿಯದೆ ನಾನು ಈಗ ಒಂದು ಸಾಲನ್ನೂ ಬರೆಯುವುದಿಲ್ಲ.

ಅದನ್ನು ತಿಳಿಯುವ ದಾರಿ ಸರಳವಾಗಿದೆ. ಡೆವಲಪರ್ ಆಯ್ಕೆಗಳಲ್ಲಿ (ತಂತ್ರಾಂಶ ಬರೆಯುವವರಿಗೆಂದು ಸೆಟ್ಟಿಂಗ್ಸ್‌ನಲ್ಲಿರುವ ವಿಭಾಗ) ಸ್ಪರ್ಶಗಳನ್ನು ಚುಕ್ಕೆಯಾಗಿ ತೋರಿಸುವ ಸೌಲಭ್ಯವೊಂದಿದೆ. ಅದನ್ನು ಚಾಲೂ ಮಾಡಿ, ತೊಂದರೆ ಆಗುವ ಸನ್ನಿವೇಶವನ್ನು ಮತ್ತೆ ಸೃಷ್ಟಿಸಿ, ಖಾಸಗಿ ವಿವರಗಳು ಕಾಣದಂತೆ ಎಚ್ಚರ ವಹಿಸಿ ಪರದೆಯನ್ನು ರೆಕಾರ್ಡ್ ಮಾಡಿ ಕಳಿಸಿ ಎಂದು ಕೇಳುತ್ತೇನೆ. ಫೋನನ್ನು ಯಾವ ಕೈಯಲ್ಲಿ ಹಿಡಿದಿದ್ದಿರಿ ಎಂದೂ ಕೇಳುತ್ತೇನೆ. ಇಂಥ ಒಂದು ಸಣ್ಣ ವಿಡಿಯೊ ಪುಟಗಟ್ಟಲೆ ವಿವರಣೆಗಿಂತ ಹೆಚ್ಚು ಹೇಳುತ್ತದೆ.

ಮೇಲಿನಿಂದ ದಿಢೀರನೆ ಇಳಿದು ಬರುವ ನೋಟಿಫಿಕೇಶನ್‌ಗಳ ವಿಷಯವನ್ನೇ ನೋಡಿ. ಅವನ್ನು ಪೂರ್ತಿಯಾಗಿ ನಿಲ್ಲಿಸುವ ಸ್ವಿಚ್ ಬೇಕೆಂಬ ಕೋರಿಕೆ ಮತ್ತೆ ಮತ್ತೆ ಬರುತ್ತಿತ್ತು. ವಿಡಿಯೊಗಳಲ್ಲಿ ಕಂಡದ್ದು ಬೇರೆಯದೇ ಕಥೆ. ಬಳಕೆದಾರರು ಆ್ಯಪ್‌ನ ಮೇಲ್ತುದಿಯಲ್ಲಿರುವ ಹುಡುಕು ಗುಂಡಿಯನ್ನೋ ಹಿಂದಕ್ಕೆ ಹೋಗುವ ಬಾಣವನ್ನೋ ಒತ್ತಲು ಹೋಗುತ್ತಾರೆ. ಬೆರಳು ತಲುಪುವಷ್ಟರಲ್ಲಿ ನೋಟಿಫಿಕೇಶನ್ ಅದೇ ಜಾಗಕ್ಕೆ ಇಳಿದಿರುತ್ತದೆ, ಒತ್ತು ಅದರ ಮೇಲೆ ಬೀಳುತ್ತದೆ, ಬೇರೊಂದು ಆ್ಯಪ್ ತೆರೆದುಕೊಳ್ಳುತ್ತದೆ. ವಿಚಾರಿಸಿದಾಗ, ಒಂದು ಬಾರಿಯ ಪಾಸ್‌ವರ್ಡ್ ಬಂದಾಗ, ಮನೆಯವರ ಸಂದೇಶ ಬಂದಾಗ ಅದೇ ನೋಟಿಫಿಕೇಶನ್ ಕಣ್ಣಿಗೆ ಬೀಳಬೇಕೆಂದು ಅವರೇ ಹೇಳಿದರು. ಅವರು ಕೇಳಿದ ಸ್ವಿಚ್ಚನ್ನೇ ಕೊಟ್ಟಿದ್ದರೆ ಒಂದು ತೊಂದರೆ ಕಳೆದು ಇನ್ನೊಂದು ಬರುತ್ತಿತ್ತು.

ಆಂಡ್ರಾಯ್ಡ್‌ನ ಆಕರದಲ್ಲಿ ಈ ತೊಂದರೆಗೆ ಆಗಲೇ ಒಂದು ಉತ್ತರವಿದೆ: ನೋಟಿಫಿಕೇಶನ್ ಇಳಿದ ಮೊದಲ ಕ್ಷಣಗಳಲ್ಲಿ ಅದರ ಮೇಲೆ ಬಿದ್ದ ಒತ್ತನ್ನು ವ್ಯವಸ್ಥೆ ನುಂಗಿಬಿಡುತ್ತದೆ. ಇದರಿಂದ ತಪ್ಪು ಆ್ಯಪ್ ತೆರೆಯುವುದು ತಪ್ಪುತ್ತದೆ. ಆದರೆ ಬಳಕೆದಾರರು ಒತ್ತಲು ಹೊರಟಿದ್ದ ಗುಂಡಿಯೂ ಒತ್ತಲ್ಪಡುವುದಿಲ್ಲ. ಬೆರಳು ತಗುಲಿದ ಕ್ಷಣದಲ್ಲಿ ಯಾವ ವಿಂಡೊ ಮೇಲಿದೆಯೋ ಆ ಸ್ಪರ್ಶ ಅದಕ್ಕೇ ಸಲ್ಲುತ್ತದೆ, ನಂತರ ಅದನ್ನು ಕೆಳಗಿನ ಆ್ಯಪ್‌ಗೆ ದಾಟಿಸುವುದು ಸುರಕ್ಷತೆಯ ದೃಷ್ಟಿಯಿಂದ ಒಳ್ಳೆಯದಲ್ಲ. ಹಾಗಾಗಿ ನಾನು ಸ್ಪರ್ಶದ ಕಡೆಯಿಂದ ಯೋಚಿಸುವುದನ್ನು ಬಿಟ್ಟು, ನೋಟಿಫಿಕೇಶನ್ ಇಳಿಯುವ ಸಮಯವನ್ನು ಬದಲಿಸಿದೆ. ಪರದೆಯ ಮೇಲ್ಭಾಗದಲ್ಲಿ ಬೆರಳು ಊರಿದ್ದರೆ, ಅಥವಾ ಸ್ವಲ್ಪ ಮೊದಲು ಅಲ್ಲಿ ಸ್ಪರ್ಶವಾಗಿದ್ದರೆ, ಹೊಸ ನೋಟಿಫಿಕೇಶನ್ ಬೆರಳು ಮೇಲೆದ್ದು ಕ್ಷಣಕಾಲ ಕಳೆಯುವವರೆಗೆ ಕಾಯುತ್ತದೆ. ಕರೆಗಳಿಗೂ ಅಲಾರಂಗಳಿಗೂ ಈ ಕಾಯುವಿಕೆ ಇಲ್ಲ. ಸ್ಪರ್ಶದ ಸ್ಥಾನ ಮತ್ತು ಸಮಯವನ್ನು ಬಿಟ್ಟು ಬೇರೇನನ್ನೂ ಓದುವುದಿಲ್ಲ, ಅವನ್ನೂ ಎಲ್ಲಿಯೂ ಉಳಿಸಿಡುವುದಿಲ್ಲ. ಸೆಟ್ಟಿಂಗ್ಸ್‌ಗೆ ಹೊಸ ಆಯ್ಕೆ ಸೇರಲಿಲ್ಲ. ಆ ಆವೃತ್ತಿಯ ನಂತರ ಸ್ವಿಚ್ ಬೇಕೆಂಬ ಕೋರಿಕೆಗಳು ಬಹುಮಟ್ಟಿಗೆ ನಿಂತುಹೋದವು, ಮತ್ತು ಏನು ಬದಲಾಯಿತೆಂಬುದು ಹೆಚ್ಚಿನವರ ಗಮನಕ್ಕೂ ಬರಲಿಲ್ಲ. ಈ ಬಗೆಯ ಕೆಲಸದಲ್ಲಿ ಇದಕ್ಕಿಂತ ಹೆಚ್ಚಿನ ತೃಪ್ತಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ವಾಲ್ಯೂಮ್‌ನ ವಿಷಯದಲ್ಲಿ ಮಾತ್ರ ಬಳಕೆದಾರರು ಕೇಳಿದ್ದೇ ಸರಿಯಾಗಿತ್ತು. ಕರೆಯ ರಿಂಗ್ ಜೋರಾಗಿರಬೇಕು, ಸಂದೇಶಗಳ ಸದ್ದು ಮೆಲ್ಲಗಿರಬೇಕು ಎಂಬ ಬಯಕೆ ಸಹಜವಾದದ್ದು. ಆಂಡ್ರಾಯ್ಡ್‌ನಲ್ಲಿ ಈ ಎರಡೂ ಒಂದೇ ಸ್ಲೈಡರ್‌ಗೆ ಕಟ್ಟಿಬಿದ್ದಿದ್ದವು. 2023ರಲ್ಲಿ ಬಂದ ಆಂಡ್ರಾಯ್ಡ್ 14ರಲ್ಲಿ ಅವನ್ನು ಬೇರ್ಪಡಿಸಲಾಯಿತು. ಅದಕ್ಕೂ ಮೊದಲೇ ನಾವು ನಮ್ಮ ಆವೃತ್ತಿಯಲ್ಲಿ ಬೇರ್ಪಡಿಸಿಕೊಂಡಿದ್ದೆವು. ಧ್ವನಿ ವಿಭಾಗದ ಆಕರದಲ್ಲಿ ನೋಟಿಫಿಕೇಶನ್ ಸದ್ದನ್ನು ರಿಂಗ್‌ನ ನೆರಳಾಗಿ ಗುರುತಿಸುವ ಒಂದು ಪಟ್ಟಿ ಇತ್ತು, ಅಲ್ಲಿ ಒಂದು ನಮೂದನ್ನು ಬದಲಿಸಿದರೆ ಎರಡೂ ಸ್ವತಂತ್ರವಾಗುತ್ತಿದ್ದವು. ಆದರೆ ಆ ಒಂದು ನಮೂದಿನ ಹಿಂದೆ ಬರುವ ಪ್ರಶ್ನೆಗಳೇ ನಿಜವಾದ ಕೆಲಸ. ಹಳೆಯ ಆವೃತ್ತಿಯಿಂದ ಬರುವವರ ಒಂದೇ ಮಟ್ಟವನ್ನು ಎರಡಕ್ಕೂ ನಕಲಿಸದಿದ್ದರೆ, ಅಪ್‌ಡೇಟ್ ಆದ ರಾತ್ರಿಯೇ ಯಾರದೋ ಫೋನು ಅವರು ಬಯಸದಷ್ಟು ಜೋರಾಗಿ ಸದ್ದು ಮಾಡುತ್ತದೆ. ರಿಂಗನ್ನು ಸೊನ್ನೆಗಿಳಿಸಿದರೆ ಫೋನು ಮೌನವಾಗಬೇಕೇ, ಅಥವಾ ಸಂದೇಶಗಳ ಸದ್ದು ಮುಂದುವರಿಯಬೇಕೇ? ಮೌನ ಎಂದರೆ ಪೂರ್ಣ ಮೌನ ಎಂದೇ ಜನ ನಂಬಿರುತ್ತಾರೆ. ಸಭೆಯಲ್ಲಿ ಕೂತವರಿಗೆ ಆ ನಂಬಿಕೆ ತಪ್ಪಾಗಬಾರದು. ಆದ್ದರಿಂದ ರಿಂಗ್ ಮೌನವಾದೊಡನೆ ನೋಟಿಫಿಕೇಶನ್ ಸ್ಲೈಡರ್ ನಿಷ್ಕ್ರಿಯವಾಗಬೇಕು, ಏಕೆ ನಿಷ್ಕ್ರಿಯವಾಗಿದೆ ಎಂಬುದನ್ನು ಅಲ್ಲೇ ಒಂದು ಸಾಲಿನಲ್ಲಿ ತಿಳಿಸಬೇಕು ಎಂದು ತೀರ್ಮಾನಿಸಿದೆವು. ಆಂಡ್ರಾಯ್ಡ್ 14 ಕೂಡ ಇದೇ ಕ್ರಮವನ್ನು ಅನುಸರಿಸುತ್ತದೆ.

ಕ್ವಿಕ್ ಸೆಟ್ಟಿಂಗ್ಸ್‌ನ ಕೋರಿಕೆಗಳು ಹೆಚ್ಚಾಗಿ ಒಂದು ಒತ್ತು ಉಳಿಸುವ ಬಗ್ಗೆ ಇರುತ್ತವೆ. 2021ರ ಆಂಡ್ರಾಯ್ಡ್ 12 ವೈಫೈ ಮತ್ತು ಮೊಬೈಲ್ ಡೇಟಾ ಎರಡನ್ನೂ ಇಂಟರ್ನೆಟ್ ಎಂಬ ಒಂದೇ ಗುಂಡಿಗೆ, ಅಂದರೆ ಟೈಲ್‌ಗೆ ಸೇರಿಸಿತು. ಅದನ್ನು ಒತ್ತಿದರೆ ಫಲಕ ತೆರೆಯುತ್ತಿತ್ತು, ಅಲ್ಲಿ ಇನ್ನೊಮ್ಮೆ ಒತ್ತಬೇಕಿತ್ತು. ಫಲಕ ಬೇಕಾದವರೂ ಇದ್ದಾರೆ, ನೇರ ಸ್ವಿಚ್ ಬೇಕಾದವರೂ ಇದ್ದಾರೆ. ಟೈಲ್ ಅಗಲವಾಗಿರುವುದರಿಂದ ಅದನ್ನು ಒಳಗೇ ಎರಡು ಭಾಗ ಮಾಡಿದೆವು: ಐಕಾನ್ ಮುಟ್ಟಿದರೆ ವೈಫೈ ಬದಲಾಗುತ್ತದೆ, ಹೆಸರು ಮುಟ್ಟಿದರೆ ಫಲಕ ತೆರೆಯುತ್ತದೆ. ಐಕಾನ್‌ನ ಸ್ಪರ್ಶ ಕ್ಷೇತ್ರ 48 ಡಿಪಿಗಿಂತ (ಡಿಪಿ ಎಂದರೆ ಪರದೆಯ ಸಾಂದ್ರತೆ ಏನೇ ಇದ್ದರೂ ಹೆಚ್ಚುಕಡಿಮೆ ಒಂದೇ ಗಾತ್ರ ಕಾಣಲೆಂದು ಆಂಡ್ರಾಯ್ಡ್ ಬಳಸುವ ಅಳತೆಯ ಮಾನ) ಕಿರಿದಾಗಬಾರದು ಎಂಬುದು ನಮ್ಮ ಕಟ್ಟುನಿಟ್ಟಿನ ನಿಯಮವಾಗಿತ್ತು. 160 ಡಿಪಿಗೆ ಒಂದು ಅಂಗುಲವೆಂಬ ಲೆಕ್ಕದಲ್ಲಿ ಅದು ಸುಮಾರು 7.6 ಮಿಲಿಮೀಟರ್. ಗುರಿ ಚಿಕ್ಕದಾದಷ್ಟೂ, ದೂರವಾದಷ್ಟೂ ಅದನ್ನು ತಲುಪಲು ಹೆಚ್ಚು ಸಮಯ ಬೇಕೆಂದು ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲೇ ಸೂತ್ರರೂಪದಲ್ಲಿ ತೋರಿಸಿದ್ದರು. ಫೋನಿನ ಮೇಲ್ತುದಿ ಹೆಬ್ಬೆರಳಿಗೆ ದೂರದ ಜಾಗ, ಅಲ್ಲಿ ಗುರಿಯನ್ನು ಇನ್ನೂ ಕಿರಿದಾಗಿಸಿದರೆ ಉಳಿಸಿದ ಒತ್ತು ತಪ್ಪಿದ ಒತ್ತಾಗುತ್ತದೆ. ಫೋನು ಲಾಕ್ ಆಗಿರುವಾಗ ಈ ಟೈಲ್ ಅನ್‌ಲಾಕ್ ಕೇಳದೆ ಸಂಪರ್ಕ ಕಡಿಯುವಂತಿಲ್ಲ. ಕಳುವಾದ ಫೋನನ್ನು ಹುಡುಕಲು ಉಳಿದಿರುವ ಮುಖ್ಯ ಎಳೆಯನ್ನು ಒಂದು ಅನುಕೂಲಕ್ಕಾಗಿ ಕಳೆದುಕೊಳ್ಳಬಾರದು.

ಅಕ್ಷರಗಳ ವಿಷಯ ನನಗೆ ಎಲ್ಲಕ್ಕಿಂತ ಹತ್ತಿರದ್ದು. ಇಂಟರ್‌ಫೇಸನ್ನು ಲ್ಯಾಟಿನ್ ಲಿಪಿಯ ಎತ್ತರ ನೋಡಿ ವಿನ್ಯಾಸ ಮಾಡಿದಾಗ, ಮೇಲೆ ಗುಣಿತದ ಗುರುತುಗಳೂ ಕೆಳಗೆ ಒತ್ತಕ್ಷರಗಳೂ ಇರುವ ಲಿಪಿಗಳು ಕತ್ತರಿಸಿಹೋಗುತ್ತವೆ. ‘ರಾಷ್ಟ್ರೀಯ’ ಎಂಬ ಪದದಲ್ಲಿ ಒತ್ತಿನ ಮೇಲೊಂದು ಒತ್ತು ಬರುತ್ತದೆ. ಸಾಲಿನ ಎತ್ತರವನ್ನು ಸ್ಥಿರ ಸಂಖ್ಯೆಯಲ್ಲಿ ಬರೆದಿರುವ ಟೈಲ್‌ನಲ್ಲಿ ಅದರ ಕೆಳಭಾಗವೇ ಕಾಣುವುದಿಲ್ಲ. ತಮಿಳು, ಮಲಯಾಳಂ, ತೆಲುಗು, ಥಾಯ್, ಬರ್ಮೀಸ್ ಲಿಪಿಗಳ ಓದುಗರೂ ಇಂಥ ತೊಂದರೆಗಳನ್ನು ಎದುರಿಸುತ್ತಾರೆ. 2014ರ ಆಂಡ್ರಾಯ್ಡ್ 5ರಲ್ಲೇ ಇಂಥ ಲಿಪಿಗಳಿಗೆ ಪೂರ್ಣ ಎತ್ತರ ಕೊಡುವ ಗುಣವೊಂದನ್ನು ಸೇರಿಸಲಾಗಿತ್ತು, ಆದರೆ ಆ್ಯಪ್ ಬರೆಯುವವರು ಅದನ್ನು ತಾವಾಗಿ ಚಾಲೂ ಮಾಡಬೇಕಿತ್ತು. 2024ರ ಆಂಡ್ರಾಯ್ಡ್ 15ರಲ್ಲಿ, ಆ ಆವೃತ್ತಿಗೆಂದು ಸಿದ್ಧಪಡಿಸಿದ ಆ್ಯಪ್‌ಗಳಿಗೆ ಅದು ತಾನಾಗಿಯೇ ಅನ್ವಯವಾಯಿತು. ಹತ್ತು ವರ್ಷ ಮೂಲೆಯಲ್ಲಿದ್ದ ಒಂದು ಗುಣ ಪೂರ್ವನಿಯೋಜಿತವಾದಾಗ ಎಷ್ಟೊಂದು ಪರದೆಗಳು ಒಮ್ಮೆಗೇ ಸರಿಹೋಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ನಾನು ಮಾಡಿದ್ದು ಇದರ ಮುಂದಿನ ಕೆಲಸ: ಸಿಸ್ಟಮ್ ಯುಐನಲ್ಲಿ ಎತ್ತರವನ್ನು ಸಂಖ್ಯೆಯಾಗಿ ಬರೆದಿದ್ದ ಕಡೆಗಳನ್ನೆಲ್ಲ ಹುಡುಕಿ, ಅಲ್ಲಿ ಕನಿಷ್ಠ ಎತ್ತರವನ್ನಷ್ಟೇ ಉಳಿಸಿ, ಒಳಗಿನ ಪಠ್ಯ ಬೆಳೆದಂತೆ ಪೆಟ್ಟಿಗೆಯೂ ಬೆಳೆಯುವಂತೆ ಮಾಡಿದೆ. ನಂತರ ಫಾಂಟ್ ಗಾತ್ರವನ್ನು ಶೇ. 200ಕ್ಕೆ ಏರಿಸಿ, ಎತ್ತರದ ಲಿಪಿಗಳಲ್ಲಿ ಪ್ರತಿಯೊಂದು ಪರದೆಯನ್ನೂ ತೆರೆದು ನೋಡಿದೆ. ಕಣ್ಣು ಮಂದವಾದ ಹಿರಿಯರು ಫೋನನ್ನು ನೋಡುವುದು ಇದೇ ಗಾತ್ರದಲ್ಲಿ, ತಮ್ಮದೇ ಭಾಷೆಯಲ್ಲಿ. ಅವರ ಪರದೆಯಲ್ಲಿ ಅಕ್ಷರ ಕತ್ತರಿಸಿದರೆ ಉಳಿದ ಯಾವ ಸೊಗಸೂ ಲೆಕ್ಕಕ್ಕೆ ಬರುವುದಿಲ್ಲ.

ಒಪ್ಪದೆ ಬಿಟ್ಟ ಕೋರಿಕೆಗಳೂ ಬಹಳ ಇವೆ. ಗಡಿಯಾರವನ್ನು ಎಡಕ್ಕೋ ಬಲಕ್ಕೋ ಸರಿಸುವುದು, ಬ್ಯಾಟರಿ ಚಿತ್ರದ ಆಕಾರವನ್ನು ಆರಿಸುವುದು ಇಂಥವು ಒಂದೊಂದಾಗಿ ನೋಡಿದರೆ ನಿರಪಾಯಕರ. ಆದರೆ ಸ್ವತಂತ್ರವಾದ ಹತ್ತು ಸ್ವಿಚ್‌ಗಳು ಸೇರಿದರೆ 1,024 ಸಂಯೋಜನೆಗಳಾಗುತ್ತವೆ, ಅವೆಲ್ಲವನ್ನೂ ಪರೀಕ್ಷಿಸುವ ಕೈಗಳು ಯಾವ ಸ್ವಯಂಸೇವಕ ತಂಡದಲ್ಲೂ ಇರುವುದಿಲ್ಲ. ಆಯ್ಕೆಯನ್ನು ಮುಂಚೆಯೇ ಕೇಳದೆ ಬೇಕಾದ ಕ್ಷಣದಲ್ಲಿ ಒದಗಿಸುವ ದಾರಿ ಇದೆಯೇ ಎಂದು ನಾನು ಮೊದಲು ಹುಡುಕುತ್ತೇನೆ. 2018ರ ಆಂಡ್ರಾಯ್ಡ್ 9ರಲ್ಲಿ ಬಂದ ತಿರುಗಿಸುವ ಗುಂಡಿ ನನಗೆ ಇದರ ಮಾದರಿ. ಪರದೆಯ ಸ್ವಯಂ ತಿರುಗುವಿಕೆಯನ್ನು ನಿಲ್ಲಿಸಿರುವಾಗ ಫೋನನ್ನು ಅಡ್ಡ ಹಿಡಿದರೆ ಮೂಲೆಯಲ್ಲಿ ಒಂದು ಚಿಕ್ಕ ಗುಂಡಿ ಕಾಣಿಸಿಕೊಳ್ಳುತ್ತದೆ. ಒತ್ತಿದರೆ ಪರದೆ ತಿರುಗುತ್ತದೆ, ಬಿಟ್ಟರೆ ಗುಂಡಿ ತಾನಾಗಿ ಮಾಯವಾಗುತ್ತದೆ. ಮಲಗಿ ಓದುವವರಿಗೂ ವಿಡಿಯೊ ನೋಡುವವರಿಗೂ ಇಬ್ಬರಿಗೂ ಅನುಕೂಲವಾಯಿತು, ಸೆಟ್ಟಿಂಗ್ಸ್‌ಗೆ ಯಾರೂ ಹೋಗಬೇಕಾಗಲಿಲ್ಲ.

ಈಗ ನನ್ನ ಮುಂದಿರುವುದು ಹಿಂದಕ್ಕೆ ಹೋಗುವ ಸನ್ನೆಯ ತೊಡಕು. 2019ರ ಆಂಡ್ರಾಯ್ಡ್ 10ರಿಂದ ಅಂಚಿನಿಂದ ಒಳಕ್ಕೆ ಸರಿಸಿದರೆ ಹಿಂದಿನ ಪುಟ ಬರುತ್ತದೆ. ಚಿತ್ರ ಕತ್ತರಿಸುವಾಗಲೂ ವಿಡಿಯೊವನ್ನು ಹಿಂದೆ ಮುಂದೆ ಸರಿಸುವಾಗಲೂ ಇದೇ ಚಲನೆ ಬೇಕಾಗುವುದರಿಂದ ಬಳಕೆದಾರರು ಕೆಲಸದ ನಡುವೆ ಹೊರಬೀಳುತ್ತಾರೆ. ಅಂಚಿನ ಒಂದು ಭಾಗದಲ್ಲಿ ಈ ಸನ್ನೆ ಬೇಡವೆಂದು ಆ್ಯಪ್‌ಗಳು ಕೇಳಬಹುದು, ಆದರೆ ಪ್ರತಿ ಅಂಚಿನಲ್ಲಿ ಒಟ್ಟು 200 ಡಿಪಿ ಎತ್ತರದವರೆಗೆ ಮಾತ್ರ. ಆ ಮಿತಿಯನ್ನು ಸಡಿಲಿಸಿ ಎನ್ನುವವರಿದ್ದಾರೆ. ಸಡಿಲಿಸಿದರೆ ದುರುದ್ದೇಶದ ಆ್ಯಪ್ ಬಳಕೆದಾರರನ್ನು ಹೊರಹೋಗದಂತೆ ತಡೆಯಬಹುದು, ಹಾಗಾಗಿ ನಾನು ಅದನ್ನು ಮುಟ್ಟುವುದಿಲ್ಲ. ಬೆರಳು ಅಂಚಿನಿಂದ ಒಳಬರುವ ಮುನ್ನ ಒಂದೆಡೆ ನಿಂತಿತ್ತೇ, ಹೊರಟ ಮೇಲೆ ಎಷ್ಟು ವೇಗದಲ್ಲಿ ಸರಿಯಿತು ಎಂಬುದನ್ನು ನೋಡಿ ಎರಡು ಉದ್ದೇಶಗಳನ್ನು ಬೇರ್ಪಡಿಸಲು ಸಾಧ್ಯವೇ ಎಂದು ಬಂದಿರುವ ವಿಡಿಯೊಗಳನ್ನು ಫ್ರೇಮ್ ಫ್ರೇಮ್ ಆಗಿ ನೋಡುತ್ತಿದ್ದೇನೆ. ಚಿತ್ರ ಕತ್ತರಿಸುವವರ ಬೆರಳು ಚೌಕಟ್ಟಿನ ಹಿಡಿಕೆಯ ಮೇಲೆ ಕ್ಷಣಕಾಲ ನಿಂತು ನಂತರ ಸರಿಯುವುದು ಅವುಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಮುಂದಿನ ಪ್ರಯೋಗವನ್ನು ಅಲ್ಲಿಂದಲೇ ಆರಂಭಿಸಲಿದ್ದೇನೆ.