ಬೋರ್‌ವೆಲ್ ಇಲ್ಲದೆ 8 ಎಕರೆ ಕಾಫಿಗೆ ಹೂವಿನ ನೀರು ಕೊಟ್ಟೆ

2023ರ ಮುಂಗಾರು ಕೈಕೊಟ್ಟಿದ್ದು ನಿಮಗೆಲ್ಲ ನೆನಪಿದೆ. ಮರು ವರ್ಷ ಮಾರ್ಚ್‌ನಲ್ಲಿ ಕೊಡಗಿನ ನಮ್ಮ ಅಮ್ಮತ್ತಿ ಕಡೆ ಎಷ್ಟೋ ಕೆರೆಗಳಲ್ಲಿ ಪಂಪಿನ ನೀರೆಳೆಯುವ ಪೈಪಿನ ತುದಿಯ ಫುಟ್‌ವಾಲ್ವ್ ಕೆಸರಲ್ಲಿ ಕೂತಿತ್ತು. ಆ ವರ್ಷವೂ ನಾನು 8 ಎಕರೆ ರೋಬಸ್ಟಾ ಕಾಫಿಗೆ ಹೂವಿನ ನೀರು, ಅಂದರೆ ಹೂ ಅರಳಿಸುವ ಸ್ಪ್ರಿಂಕ್ಲರ್ ನೀರು, ಕೊಟ್ಟೆ. 18 ದಿನ ಬಿಟ್ಟು ಬ್ಯಾಕಿಂಗ್, ಅಂದರೆ ಕಾಯಿ ಕಚ್ಚಲು ಕೊಡುವ ಎರಡನೇ ನೀರು, ಕೂಡ ಕೊಟ್ಟೆ. ಎರಡೂ ಸಲ ನಮ್ಮದೇ ಕೆರೆಯ ನೀರು. "ನಿನ್ನ ಗುಂಡಿ ಕೆಲಸ ಸುಮ್ನೆ ದಂಡ, ಇನ್ನೊಂದು ಬೋರ್ ಹೊಡೆಸು" ಎಂದಿದ್ದ ಪಕ್ಕದ ತೋಟದ ಮಾವ ಸ್ಪ್ರಿಂಕ್ಲರ್ ತಿರುಗುವುದನ್ನು ಬೇಲಿಯಾಚೆ ನಿಂತು ಬಹಳ ಹೊತ್ತು ನೋಡಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೋರ್ ಹೊಡೆಸದೆ ಇರಲಿಲ್ಲ. 2013ರಲ್ಲಿ ಒಂದು, 480 ಅಡಿ. 2017ರಲ್ಲಿ ಇನ್ನೊಂದು, 600 ದಾಟಿತ್ತು. ಎರಡೂ ಸೇರಿ 4 ಲಕ್ಷದ ಹತ್ತಿರ ಹೋಯಿತು. ಮೊದಲನೆಯದರಲ್ಲಿ ಬರೀ ಧೂಳು. ಎರಡನೆಯದು ಒಂದು ಬೇಸಿಗೆ ಓಡಿ ನಿಂತಿತು. ಮಾರನೇ ವರ್ಷವೇ 2018ರ ಆಗಸ್ಟ್. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದಲ್ಲಿ ಗುಡ್ಡವೇ ಇಳಿದು ಬಂತು. ಅಷ್ಟು ಮಳೆ ಸುರಿದ ಮೇಲೂ ಏಪ್ರಿಲ್‌ಗೆ ನಮ್ಮ ಕೆರೆ ತಳ ಕಂಡಿತು. ಮಳೆ ಸಾಲದು ಎನ್ನುವ ಮಾತು ನಾನು ಬಿಟ್ಟಿದ್ದು ಅಂದೇ.

ಲೆಕ್ಕ ನೋಡಿ. ಒಂದು ಎಕರೆಗೆ ಒಂದು ಇಂಚು ನೀರು ಎಂದರೆ ಲಕ್ಷ ಲೀಟರ್ ಮೇಲೆ. ಹೂವಿಗೆ ಒಂದೂವರೆ ಇಂಚು, ಬ್ಯಾಕಿಂಗ್‌ಗೆ ಒಂದು ಇಂಚು, 8 ಎಕರೆಗೆ 20 ಲಕ್ಷ ಲೀಟರ್. ನನ್ನ ಕೆರೆ 90 ಅಡಿ, 60 ಅಡಿ, ಆಳ 9. ತುಂಬಿದರೂ 14 ಲಕ್ಷದ ಒಳಗೇ. ಉಳಿದ 6 ಲಕ್ಷ ಆ 18 ದಿನದಲ್ಲಿ ಒರತೆಯಿಂದಲೇ ಬರಬೇಕು. ಅಂದರೆ ಕೆರೆ ದೊಡ್ಡದು ಮಾಡಿದರೆ ಸಾಲದು, ಒರತೆ ಜಾಸ್ತಿ ಆಗಬೇಕು. ಕೆರೆಯಲ್ಲಿ ಒಂದು ಬಿದಿರಿನ ಗಳ ನೆಟ್ಟು ಇಂಚಿಗೊಂದು ಗುರುತು ಕೊರೆದೆ. 2019ರ ಮಾರ್ಚ್‌ನಲ್ಲಿ ಮೋಟಾರ್ ನಿಲ್ಲಿಸಿದ ಮೇಲೆ ದಿನಕ್ಕೆ ಅರ್ಧ ಇಂಚೂ ಏರುತ್ತಿರಲಿಲ್ಲ. 2024ರಲ್ಲಿ ಎರಡೂವರೆ ಇಂಚು.

ನೀರು ಎಲ್ಲಿ ಇಳಿಯುತ್ತದೆ ಎಂದು ತಿಳಿಯಲು ಒಂದು ಡಬ್ಬಿ ಸಾಕಾಯಿತು. ಎರಡೂ ಬದಿ ಕತ್ತರಿಸಿದ ಹಳೇ ಹಾಲಿನಪುಡಿ ಡಬ್ಬಿ. ಎರಡು ಬೆರಳಷ್ಟು ಮಣ್ಣಿಗೆ ಒತ್ತಿ, ಒಂದು ಲೀಟರ್ ಸುರಿದು ಗಡಿಯಾರ ನೋಡುತ್ತಿದ್ದೆ. ಅತ್ತಿಮರದ ಬುಡದಲ್ಲಿ ಮೂರು ನಿಮಿಷದಲ್ಲಿ ನೀರು ಮಾಯ, ಮಣ್ಣು ಗುಳುಗುಳು ಎಂದು ಗುಳ್ಳೆ ಬಿಟ್ಟು ಕುಡಿಯಿತು. ವರ್ಷಗಟ್ಟಲೆ ಕಳೆನಾಶಕ ಹೊಡೆದ ಪಟ್ಟಿಯಲ್ಲಿ ಅರ್ಧ ಗಂಟೆಯಾದರೂ ನೀರು ಹಾಗೇ ಕನ್ನಡಿಯಂತೆ ನಿಂತಿತ್ತು. ಅಂದೇ ಕಳೆನಾಶಕ ಬಿಟ್ಟೆ. ಈಗ ವರ್ಷಕ್ಕೆ ಎರಡು ಸಲ ಮಿಷನ್‌ನಲ್ಲಿ ಕಳೆ ಸವರುವುದು, ಅಷ್ಟೇ.

ಆಮೇಲೆ ತೊಟ್ಟಿಲು ಗುಂಡಿ, ಅಂದರೆ ಮಳೆನೀರು ಇಂಗಲು ಗಿಡದ ಸಾಲಿನ ನಡುವೆ ತೆಗೆಯುವ ಉದ್ದನೆಯ ಗುಂಡಿ. ಎರಡು ವರ್ಷದಲ್ಲಿ 900ರ ಆಸುಪಾಸು ತೆಗೆಸಿದೆ. ಕೂಲಿ ಗುಂಡಿಗೆ 70 ರೂಪಾಯಿ ಬಿತ್ತು, ಒಟ್ಟು 60 ಸಾವಿರದ ಮೇಲೆ. ಒಂದು ಸಲ ಎಲ್ಲ ತುಂಬಿದರೆ ಎರಡು ಲಕ್ಷ ಲೀಟರ್ ಇಳಿಯುತ್ತದೆ. ತಪ್ಪೂ ಆಯಿತು. ತಗ್ಗಿನ ಸಾಲಿನಲ್ಲೂ ತೆಗೆಸಿಬಿಟ್ಟೆ. ಕಕ್ಕಡದ (ಜುಲೈ-ಆಗಸ್ಟ್) ಮಳೆಗೆ ಬೇರು ಕೊಳೆತು 40 ಗಿಡ ಹಳದಿಯಾದವು, ಅಷ್ಟೂ ಗುಂಡಿ ಮುಚ್ಚಿಸಿದೆ. ಮೇಲಿನ ಕಡಿದಾದ ಬರೆಯಲ್ಲಿ, ಅಂದರೆ ಗುಡ್ಡದ ಇಳಿಜಾರಿನಲ್ಲಿ, ಮಾತ್ರ ಒಂದು ಗುದ್ದಲಿ ಏಟೂ ಹಾಕಿಸಿಲ್ಲ. ಅಲ್ಲಿ ನೀರು ಇಂಗಿಸುವುದೆಂದರೆ ಬರೆ ಜರಿಯಲು ನಾವೇ ದಾರಿ ಮಾಡಿಕೊಟ್ಟಂತೆ. ಅಲ್ಲಿ ಅತ್ತಿ, ನಂದಿ, ಹಲಸು ನೆಟ್ಟಿದ್ದೇನೆ. ದಯವಿಟ್ಟು ಇದೊಂದನ್ನು ಮರೆಯಬೇಡಿ.

ಒಂದಷ್ಟು ಗುಂಡಿಗೆ ಬರೀ ಸಿಲ್ವರ್ ಓಕ್ ಎಲೆ, ಒಂದಷ್ಟಕ್ಕೆ ಹಾಲುವಾಣದ ಸೊಪ್ಪು ತುಂಬಿಸಿ ನೋಡಿದೆ. ಹಾಲುವಾಣ ಒಂದೇ ಮಳೆಗಾಲಕ್ಕೆ ಕಪ್ಪು ಗೊಬ್ಬರವಾಯಿತು. ಓಕ್ ಎಲೆ ಮರು ವರ್ಷವೂ ಚಾಪೆಯ ಹಾಗೆ ಮಡಚಿಕೊಂಡು ಬಿದ್ದಿತ್ತು.

ಒರತೆ ನಿಜವಾಗಿ ಏರಿದ್ದು ಗದ್ದೆಯಿಂದ. ಕೆರೆಯ ಮೇಲಿನ ಒಂದೂವರೆ ಎಕರೆ ಗದ್ದೆ ಹತ್ತು ವರ್ಷ ಪಾಳು ಬಿದ್ದಿತ್ತು. 2021ರಲ್ಲಿ ಬದು ಕಟ್ಟಿಸಿ ಮತ್ತೆ ನಾಟಿ ಮಾಡಿದೆ. ಭತ್ತದಲ್ಲಿ ವರ್ಷಕ್ಕೆ 15 ಸಾವಿರ ನಷ್ಟವೇ. ಆದರೆ ಜುಲೈಯಿಂದ ನವೆಂಬರ್-ಡಿಸೆಂಬರ್‌ನ ಹುತ್ತರಿ ಹಬ್ಬದವರೆಗೆ ಅಲ್ಲಿ ನಿಂತ ನೀರು ಬೇಸಿಗೆಯಲ್ಲಿ ಕೆಳಗಿನ ಕೆರೆಗೆ ಒಸರುತ್ತದೆ. ನಾಟಿ ಮಾಡಿದ ಮರು ಬೇಸಿಗೆಯಲ್ಲೇ ಗಳದ ಮೇಲೆ ಏರಿಕೆ ಒಂದೂವರೆ ಇಂಚಾಯಿತು. ಆ ನಷ್ಟವನ್ನು ನಾನು ನೀರಿನ ಖರ್ಚು ಎಂದೇ ಬರೆದಿಡುತ್ತೇನೆ.

ಕೆರೆ ಹೂಳು ತೆಗೆಸುವಾಗ ಜೆಸಿಬಿಯವನು ಒಂದಡಿ ಜಾಸ್ತಿ ತೋಡಿ ಜೇಡಿಯ ಪದರವನ್ನೇ ಒಡೆದ. 48 ಸಾವಿರ ಕೊಟ್ಟು ಸೋರುವ ಕೆರೆ ಮಾಡಿಕೊಂಡೆ. ಹುತ್ತದ ಮಣ್ಣು ತುಳಿಸಿ ಮುಚ್ಚಿದೆ. ಅದಕ್ಕೆ ಏನು ಬೆರೆಸಿದೆ, ಎಷ್ಟು ದಿನ ನೆನೆಸಿದೆ ಎಂದು ಇಲ್ಲಿ ಬರೆಯುವುದಿಲ್ಲ. ತೋಟಕ್ಕೆ ಬಂದವರಿಗೆ ತೋರಿಸುತ್ತೇನೆ. 2022ರ ಅಕ್ಟೋಬರ್‌ನಲ್ಲಿ ಆನೆಗಳು ಇಳಿದು ಕೆರೆ ಏರಿಯನ್ನು ಮೆಟ್ಟಿ ಒಡೆದವು, ಮತ್ತೆ 22 ಸಾವಿರ. ಈಗ ಅವು ಇಳಿಯುವ ಕಡೆ ಏರಿಯನ್ನೇ ಇಳಿಜಾರು ಮಾಡಿ ಕಲ್ಲು ಹಾಸಿದ್ದೇನೆ. ಬರುತ್ತವೆ, ನೀರು ಕುಡಿದು ಹೋಗುತ್ತವೆ.

2019ರಲ್ಲಿ ಎಕರೆಗೆ 16 ಮೂಟೆ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಇತ್ತು. 2025ರ ಜನವರಿ ಕುಯ್ಲಿಗೆ 27 ಬಂತು. ಪಕ್ಕದ ಮಾವನೂ ಈಗ ತಮ್ಮ ಪಾಳು ಗದ್ದೆಗೆ ಬದು ಹಾಕಿಸುತ್ತಿದ್ದಾರೆ. ಅವರ ಕೆರೆಗೂ ಬಿದಿರಿನ ಗಳ ನಾನೇ ಕೊರೆದು ಕೊಟ್ಟಿದ್ದೇನೆ.