ಫಂಕ್ಷನ್ ಏನನ್ನು ಒಪ್ಪುತ್ತದೆ? ಹೀಗೆ ಬರೆದಿಡಿ

‘ಇಂಟ್() ಕೊಟ್ಟಿದ್ದನ್ನು ಪೂರ್ಣಾಂಕ ಮಾಡುತ್ತದೆ’. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಇಂಟ್ (int) ಫಂಕ್ಷನ್ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುವವರು ಇಷ್ಟಕ್ಕೇ ನಿಲ್ಲಿಸಿದರೆ ಓದುವವರಿಗೆ ಉಪಯೋಗವಿಲ್ಲ. ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ದರಪಟ್ಟಿ ಓದುವ ಪ್ರೋಗ್ರಾಂ ಬರೆಯುವ ವಿದ್ಯಾರ್ಥಿಗೆ ಬೇಕಾದ ಉತ್ತರವೇ ಬೇರೆ: ದರ ‘2,150’ ಎಂದು ಕಾಮಾ ಸಮೇತ ಇದ್ದರೆ ನಡೆಯುತ್ತದೆಯೇ? ನಡೆಯುವುದಿಲ್ಲ, ವ್ಯಾಲ್ಯೂಎರರ್ (ValueError) ಎಂಬ ದೋಷಸೂಚನೆ ಬರುತ್ತದೆ. ಮೊದಲು ಕಾಮಾ ತೆಗೆಯಬೇಕು.

ಮೊದಲು ಕರೆಯುವ ರೀತಿ ಬರೆಯಿರಿ. ಎಷ್ಟು ಆರ್ಗ್ಯುಮೆಂಟ್ (ಫಂಕ್ಷನ್‌ಗೆ ಕೊಡುವ ಮೌಲ್ಯ), ಯಾವ ಕ್ರಮ, ಯಾವುದನ್ನು ಬಿಡಬಹುದು, ಬಿಟ್ಟರೆ ಏನಾಗುತ್ತದೆ. ಇಂಟ್‌ಗೆ ಏನೂ ಕೊಡದಿದ್ದರೆ 0 ಬರುತ್ತದೆ. ಎರಡನೆಯದು ಬೇಸ್, ಅಂದರೆ ಸಂಖ್ಯೆಯನ್ನು ಬರೆದ ಪದ್ಧತಿಯ ಆಧಾರ (ದ್ವಿಮಾನಕ್ಕೆ 2, ದಶಮಾನಕ್ಕೆ 10); ಬಿಟ್ಟರೆ 10. ಬೇಸನ್ನು ಹೆಸರು ಹೇಳಿ ಕೊಡಬಹುದು. ಮೊದಲನೆಯದನ್ನು ಪೈಥಾನ್ ಆವೃತ್ತಿ 3.7ರಿಂದೀಚೆಗೆ ಹಾಗೆ ಕೊಡಲಾಗದು.

ಆಮೇಲೆ ಟೈಪ್, ಅಂದರೆ ಕೊಟ್ಟದ್ದು ಯಾವ ಬಗೆಯದು ಎಂಬುದು. ಹೆಚ್ಚು ಎಡವುವುದು ಇಲ್ಲೇ, ಆದ್ದರಿಂದ ಒಂದೊಂದು ಟೈಪಿಗೂ ಪ್ರತ್ಯೇಕ ಸಾಲು ಇರಲಿ. ಫ್ಲೋಟ್ (ದಶಾಂಶ ಸಂಖ್ಯೆ) 12.9 ಕೊಟ್ಟರೆ 12, -12.9 ಕೊಟ್ಟರೆ -12. ದಶಾಂಶ ಭಾಗ ಬಿದ್ದುಹೋಗುತ್ತದೆ. ಹತ್ತಿರದ ಸಂಖ್ಯೆಗೆ ಹೊಂದಿಸುವುದಿಲ್ಲ. ಅದೇ ‘12.9’ ಸ್ಟ್ರಿಂಗ್ (ಉದ್ಧರಣ ಚಿಹ್ನೆಯೊಳಗಿನ ಅಕ್ಷರಗಳ ಸಾಲು) ಆಗಿದ್ದರೆ ವ್ಯಾಲ್ಯೂಎರರ್. ‘ಸಂಖ್ಯೆ ಅಥವಾ ಸ್ಟ್ರಿಂಗ್ ಕೊಡಬಹುದು’ ಎಂಬ ವಾಕ್ಯ ಈ ವ್ಯತ್ಯಾಸವನ್ನೇ ಮುಚ್ಚಿಬಿಡುತ್ತದೆ.

ಸ್ಟ್ರಿಂಗ್ ಎಂದರೆ ಎಂಥ ಸ್ಟ್ರಿಂಗ್ ಎಂದೂ ಹೇಳಿ. ಹಿಂದೆ ಮುಂದೆ ಖಾಲಿ ಜಾಗ ಇರಬಹುದು. 3.6ರಿಂದ ಅಂಕಿಗಳ ನಡುವೆ ಅಂಡರ್‌ಸ್ಕೋರ್ ಕೂಡ ಸರಿ. ಕನ್ನಡ ಅಂಕಿಯಲ್ಲಿ ‘೨೧೫೦’ ಎಂದು ಕೊಟ್ಟರೂ 2150 ಸಿಗುತ್ತದೆ. ಕನ್ನಡದ ಟಿಪ್ಪಣಿಯಲ್ಲಿ ಇದು ಇರಲೇಬೇಕು.

ಮೌಲ್ಯದ ಮಿತಿ ಅಂಕಿಯಲ್ಲೇ ಇರಲಿ: ಬೇಸ್ 0 ಇಲ್ಲವೇ 2ರಿಂದ 36. ಒಂದು ಆರ್ಗ್ಯುಮೆಂಟ್ ಇನ್ನೊಂದಕ್ಕೆ ಹಾಕುವ ಕಟ್ಟನ್ನು ಬಹಳ ಜನ ಬರೆಯುವುದೇ ಇಲ್ಲ. ಬೇಸ್ ಕೊಟ್ಟರೆ ಮೊದಲನೆಯದು ಸ್ಟ್ರಿಂಗ್ ಅಥವಾ ಬೈಟ್ಸ್ (ಬೈಟ್‌ಗಳ ಸಾಲು) ಬಗೆಯದೇ ಆಗಿರಬೇಕು. ಸಂಖ್ಯೆ 12 ಮತ್ತು ಬೇಸ್ 10 ಒಟ್ಟಿಗೆ ಕೊಟ್ಟರೆ ಟೈಪ್‌ಎರರ್.

ಎರರ್‌ಗಳ ಹೆಸರನ್ನು ಬಿಡಿಸಿ ಬರೆಯಿರಿ. ಟೈಪೇ ತಪ್ಪಿದ್ದರೆ ಟೈಪ್‌ಎರರ್, ಟೈಪ್ ಸರಿಯಿದ್ದು ಒಳಗಿನ ಮೌಲ್ಯ ತಪ್ಪಿದ್ದರೆ ವ್ಯಾಲ್ಯೂಎರರ್. ‘ಎರರ್ ಬರುತ್ತದೆ’ ಎಂದಷ್ಟೇ ಬರೆದರೆ ಓದುಗರು ಯಾವುದನ್ನು ಎಕ್ಸೆಪ್ಟ್‌ನಲ್ಲಿ (ಎರರ್ ಬಂದಾಗ ಓಡುವ ಭಾಗದಲ್ಲಿ) ಹಿಡಿಯಬೇಕು?

ಕೊನೆಗೆ ಎಲ್ಲ ಉದಾಹರಣೆಗಳನ್ನೂ ಡಾಕ್‌ಟೆಸ್ಟ್‌ನಲ್ಲಿ (ಟಿಪ್ಪಣಿಯ ಉದಾಹರಣೆಗಳ ಉತ್ತರ ಸರಿಯೇ ಎಂದು ಪರೀಕ್ಷಿಸುವ ಪೈಥಾನ್ ಸಾಧನ) ಓಡಿಸಿ, ಓಡಿಸಿದ ಪೈಥಾನ್ ಆವೃತ್ತಿಯನ್ನು ಪಕ್ಕದಲ್ಲೇ ನಮೂದಿಸಿ. ಹೊಸ ಆವೃತ್ತಿ ಬಂದಾಗ ಮತ್ತೆ ಓಡಿಸಿದರೆ ಯಾವ ಸಾಲು ತಿದ್ದಬೇಕೆಂದು ಅದೇ ತೋರಿಸುತ್ತದೆ.