ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರದ ಮೂತ್ರ ಸೋರಿಕೆ: ಪರಿಹಾರದ ಶಸ್ತ್ರಚಿಕಿತ್ಸೆಯನ್ನು ಆರಿಸಿಕೊಳ್ಳುವುದು ಹೇಗೆ?

ಕ್ಯಾನ್ಸರ್‌ನಿಂದಾಗಿ ಪ್ರಾಸ್ಟೇಟ್ ಗ್ರಂಥಿಯನ್ನು ಪೂರ್ತಿ ತೆಗೆದ ಮೇಲೆ ಕೆಮ್ಮಿದಾಗ, ಎದ್ದು ನಿಂತಾಗ, ಭಾರ ಎತ್ತಿದಾಗ ಮೂತ್ರ ಸೋರುವುದು ಸಾಮಾನ್ಯ. ಮೂತ್ರವನ್ನು ತಡೆಹಿಡಿಯುವ ಸ್ಫಿಂಕ್ಟರ್ ಸ್ನಾಯು ಆ ಗ್ರಂಥಿಗೆ ಹೊಂದಿಕೊಂಡೇ ಇರುವುದರಿಂದ ಅದು ದುರ್ಬಲಗೊಂಡಿರುತ್ತದೆ. ಹೆಚ್ಚಿನವರಲ್ಲಿ ತಿಂಗಳುಗಳು ಕಳೆದಂತೆ ಸೋರಿಕೆ ತಗ್ಗುತ್ತದೆ. ಆದ್ದರಿಂದ ಮೊದಲು ಮಾಡಬೇಕಾದದ್ದು ಕೀಗಲ್ ವ್ಯಾಯಾಮ, ಅಂದರೆ ಮೂತ್ರ ತಡೆಯುವ ಕೆಳಹೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ಅಭ್ಯಾಸ. ಅದನ್ನು ತಜ್ಞರಿಂದಲೇ ಕಲಿಯುವುದು ಒಳ್ಳೆಯದು. 6 ತಿಂಗಳಾದರೂ ಸುಧಾರಣೆ ಕಾಣದಿದ್ದರೆ ಶಸ್ತ್ರಚಿಕಿತ್ಸೆಯ ಮಾತನ್ನು ಎತ್ತಬಹುದು. ವರ್ಷ ದಾಟಿದ ಮೇಲೂ ಸಂಕೋಚದಿಂದ ಪ್ಯಾಡ್ ಬದಲಿಸುತ್ತ ದಿನ ದೂಡುವ ಅಗತ್ಯ ಖಂಡಿತ ಇಲ್ಲ.

ಎರಡನೆಯದು ಅಳತೆ. 24 ಗಂಟೆಗಳಲ್ಲಿ ಬಳಸಿದ ಪ್ಯಾಡ್‌ಗಳನ್ನು ತೂಗಿ, ಒಣ ಪ್ಯಾಡ್‌ಗಳ ತೂಕವನ್ನು ಕಳೆದರೆ ಸೋರಿಕೆಯ ಪ್ರಮಾಣ ತಿಳಿಯುತ್ತದೆ. 1 ಗ್ರಾಂ ಎಂದರೆ ಸುಮಾರು 1 ಮಿಲಿಲೀಟರ್. ಬಳಿಕ ವೈದ್ಯರು ದರ್ಶಕ ನಳಿಕೆಯನ್ನು ಒಳಗೆ ತೂರಿಸಿ, ಮೂತ್ರನಾಳ ಎಲ್ಲಿಯಾದರೂ ಕಿರಿದಾಗಿದೆಯೇ ಎಂದು ನೋಡುತ್ತಾರೆ. ಮೂತ್ರದ ತಡೆಯಲಾಗದ ಅವಸರದಿಂದಲೇ ಸೋರುತ್ತಿದ್ದರೆ ಅದಕ್ಕೆ ಮೂತ್ರಕೋಶದ ತರಬೇತಿ, ಔಷಧಗಳೇ ಮೊದಲ ದಾರಿ, ಈ ಶಸ್ತ್ರಚಿಕಿತ್ಸೆಗಳಲ್ಲ.

ಸೋರಿಕೆ ಅಲ್ಪ ಅಥವಾ ಮಧ್ಯಮ ಪ್ರಮಾಣದ್ದಾಗಿದ್ದು, ವಿಕಿರಣ ಚಿಕಿತ್ಸೆ ಆಗಿರದಿದ್ದರೆ ಸ್ಲಿಂಗ್ ಸೂಕ್ತ. ಮೂತ್ರನಾಳದ ಕೆಳಗೆ ಜಾಲರಿಯ ಪಟ್ಟಿಯೊಂದನ್ನು ಇಟ್ಟು ಆಸರೆ ಕೊಡುವ ಈ ವಿಧಾನದಲ್ಲಿ ರೋಗಿ ಯಾವ ಗುಂಡಿಯನ್ನೂ ಒತ್ತಬೇಕಿಲ್ಲ. ಮೂತ್ರಕೋಶದ ಕುತ್ತಿಗೆಯ ಎರಡೂ ಬದಿಗೆ ಇಡುವ, ಬೇಕಾದಂತೆ ಹಿಗ್ಗಿಸಬಹುದಾದ ಬಲೂನುಗಳೂ ಇವೆ. ಚುಚ್ಚುಮದ್ದಿನ ಮೂಲಕ ಮೂತ್ರನಾಳದ ಗೋಡೆಯನ್ನು ಉಬ್ಬಿಸುವ ಕ್ರಮದ ಫಲ ಹೆಚ್ಚು ಕಾಲ ಉಳಿಯುವುದಿಲ್ಲ.

ಸೋರಿಕೆ ತೀವ್ರವಾಗಿದ್ದರೆ ಕೃತಕ ಸ್ಫಿಂಕ್ಟರ್ ಅತ್ಯಂತ ಭರವಸೆಯ ಆಯ್ಕೆ. ಇದರಲ್ಲಿ ದ್ರವ ತುಂಬಿದ ಮೂರು ಭಾಗಗಳಿವೆ: ಮೂತ್ರನಾಳವನ್ನು ಸುತ್ತುವರಿದು ಮುಚ್ಚುವ ಪಟ್ಟಿ, ಹೊಟ್ಟೆಯ ಕೆಳಭಾಗದಲ್ಲಿ ಒತ್ತಡ ಕಾಯುವ ಬಲೂನು, ವೃಷಣಚೀಲದೊಳಗಿನ ಪಂಪು. ಪಂಪನ್ನು ಹಿಸುಕಿದರೆ ಪಟ್ಟಿಯ ದ್ರವ ಬಲೂನಿಗೆ ಹೋಗಿ ದಾರಿ ತೆರೆಯುತ್ತದೆ. ಕೆಲವು ನಿಮಿಷಗಳಲ್ಲಿ ಪಟ್ಟಿ ತಾನಾಗಿ ತುಂಬಿ ಮುಚ್ಚಿಕೊಳ್ಳುತ್ತದೆ. ಗಾಯ ಮಾಯಲು ಬಿಟ್ಟು ಸುಮಾರು 6 ವಾರಗಳ ನಂತರವೇ ಇದನ್ನು ಚಾಲನೆಗೊಳಿಸುವುದರಿಂದ ಅಲ್ಲಿಯವರೆಗೆ ಸೋರಿಕೆ ಮುಂದುವರಿಯುತ್ತದೆಂಬುದನ್ನು ಮನೆಯವರಿಗೂ ಮೊದಲೇ ತಿಳಿಸಬೇಕು.

ಕೈಬೆರಳುಗಳಲ್ಲಿ ಶಕ್ತಿಯಿಲ್ಲದವರಿಗೆ, ಮರೆವಿನ ಕಾಯಿಲೆ ಇರುವವರಿಗೆ ಪಂಪು ಕಷ್ಟವಾಗುತ್ತದೆ. ಸೋಂಕು ತಗಲಬಹುದು, ಪಟ್ಟಿಯ ಒತ್ತಡಕ್ಕೆ ಮೂತ್ರನಾಳ ಸವೆಯಬಹುದು, ವರ್ಷಗಳು ಕಳೆದಂತೆ ಸಾಧನ ಕೆಟ್ಟು ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಬೇರೆ ಯಾವುದೇ ಕಾಯಿಲೆಗೆ ಆಸ್ಪತ್ರೆ ಸೇರಿದರೂ ಈ ಸಾಧನವಿರುವುದನ್ನು ಮೊದಲು ಹೇಳಬೇಕು. ಪಟ್ಟಿಯನ್ನು ತೆರೆದು ನಿಷ್ಕ್ರಿಯಗೊಳಿಸದೆ ಕ್ಯಾತಿಟರ್ (ಮೂತ್ರ ಹೊರತೆಗೆಯುವ ಕೊಳವೆ) ಹಾಕಿದರೆ ಮೂತ್ರನಾಳಕ್ಕೆ ಗಾಯವಾಗಬಹುದು.